ಹಸಿ ಕಸ ಕಾಲೊನಿಯ ಗಡಿ ದಾಟದಿರಲಿ

ಪ್ರಶ್ನೆ: ನಮ್ಮದು ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ 52 ಮನೆಗಳ ಕಾಲೊನಿ. ಕಸದ ಗಾಡಿ ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಬಾರದ ದಿನ ಕಸವೆಲ್ಲ ಮೂಲೆಯ ಖಾಲಿ ಸೈಟಿಗೆ ಬೀಳುತ್ತದೆ. ಹಂದಿ, ನಾಯಿಗಳು ಎಳೆದಾಡುತ್ತವೆ. ವಾರಕ್ಕೊಮ್ಮೆ ಯಾರೋ ಬೆಂಕಿ ಹಚ್ಚುತ್ತಾರೆ. ಹೋದ ವರ್ಷ ನಾಲ್ಕೈದು ಮನೆಯವರು ಮಣ್ಣಿನ ಕುಂಡದಲ್ಲಿ ಗೊಬ್ಬರ ಮಾಡಲು ಹೋಗಿ ಕೈಬಿಟ್ಟೆವು. ಏಪ್ರಿಲ್‌ನಲ್ಲಿ ಅದು ಒಣಗಿಹೋಯಿತು, ಮಳೆಗಾಲದಲ್ಲಿ ಹುಳು ಬಿದ್ದಿತು. "ಬೇರ್ಪಡಿಸಿ ಕೊಟ್ಟರೂ ಗಾಡಿಯಲ್ಲಿ ಎಲ್ಲ ಒಂದಾಗುತ್ತದೆ, ಸುಮ್ಮನೆ ಯಾಕೆ ಕಷ್ಟ" ಎನ್ನುವವರಿಗೆ ಏನು ಹೇಳಬೇಕು? ನಮ್ಮ ಬಿಸಿಲಿನಲ್ಲಿ ಗೊಬ್ಬರ ಮಾಡುವುದು ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು, ಒಪ್ಪದ ಮನೆಗಳ ವಿಷಯದಲ್ಲಿ ಏನು ಮಾಡಬೇಕು?
— ಕಾಲೊನಿ ಸಂಘದ ಕಾರ್ಯದರ್ಶಿ, ಕಲಬುರಗಿ

ಉತ್ತರ: ಗಾಡಿಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯಾವ ಕಾಲೊನಿಯ ಸಭೆಯಲ್ಲಿ ಕುಳಿತರೂ ಮೊದಲ ಹತ್ತು ನಿಮಿಷದೊಳಗೆ ಈ ಮಾತು ಬಂದೇ ಬರುತ್ತದೆ, ಬಂದ ಮೇಲೆ ಉಳಿದ ಮಾತುಗಳೆಲ್ಲ ಬಿದ್ದುಹೋಗುತ್ತವೆ. ಬೇರ್ಪಡಿಸಿ ಕೊಟ್ಟ ಕಸ ಗಾಡಿಯಲ್ಲಿ ಒಂದಾಗುವುದನ್ನು ನಾನೂ ಕಂಡಿದ್ದೇನೆ. ಹಾಗಾಗುವುದೇ ಇಲ್ಲವೆಂದು ನೆರೆಹೊರೆಯವರ ಮುಂದೆ ವಾದಿಸಲು ಹೋಗಬೇಡಿ. ಅವರಿಗೆ ಬೇರೊಂದು ಪ್ರಶ್ನೆ ಕೇಳಿ: ಗಾಡಿಗೆ ಹಸಿ ಕಸವನ್ನು ಕೊಡುವುದೇ ಇಲ್ಲವೆಂದಾದರೆ, ಅಲ್ಲಿ ಒಂದಾಗುವುದು ಯಾವುದರ ಜೊತೆ ಯಾವುದು? ಕಾಗದದ ಜೊತೆ ಬಾಟಲಿ, ಬಾಟಲಿಯ ಜೊತೆ ತಗಡಿನ ಡಬ್ಬಿ. ಒಣ ಕಸಕ್ಕೆ ಒಣ ಕಸ ಬೆರೆತರೆ ಯಾರಿಗೂ ಹೆಚ್ಚಿನ ನಷ್ಟವಿಲ್ಲ. ಅದನ್ನು ನಾಳೆಯೂ ಆರಿಸಬಹುದು, ತಿಂಗಳು ಬಿಟ್ಟೂ ಆರಿಸಬಹುದು. ಹೀಗಾಗಿ ನಿಮಗೆ ನಾನು ಹೇಳುವ ಮುಖ್ಯ ಮಾತು ಒಂದೇ: ಹಸಿ ಕಸ ನಿಮ್ಮ ಕಾಲೊನಿಯ ಗಡಿಯನ್ನು ದಾಟಬಾರದು. ಅಷ್ಟು ಸಾಧಿಸಿದರೆ ಗಾಡಿ ದಿನಾ ಬಂದರೂ, ವಾರಕ್ಕೆರಡು ಸಲ ಬಂದರೂ ನಿಮ್ಮ ಕೆಲಸ ನಿಲ್ಲುವುದಿಲ್ಲ.

ಹಸಿ ಕಸವೇ ಏಕೆ ಎಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಚೀಲವನ್ನು ಬಿಚ್ಚಿ ತೋರಿಸುವುದು ಒಳ್ಳೆಯದು. ಯಾವ ಕಾಲೊನಿಗೆ ಹೋದರೂ ನಾನು ಮೊದಲು ಮಾಡುವ ಕೆಲಸವೆಂದರೆ, ಒಪ್ಪಿದ ಮನೆಯೊಂದರ ಒಂದು ದಿನದ ಕಸವನ್ನು ಹಳೆಯ ಫ್ಲೆಕ್ಸ್ ಹಾಳೆಯ ಮೇಲೆ ಸುರಿಯುವುದು. ಇತ್ತೀಚೆಗೆ ಹಾಗೆ ಸುರಿದಾಗ ಹೊರಬಂದದ್ದು ಕೊತ್ತಂಬರಿ ಕಡ್ಡಿ, ಸೋಸಿದ ಚಹಾಪುಡಿ, ಅರ್ಧ ಬಟ್ಟಲು ಅನ್ನ, ಬಾಳೆಹಣ್ಣಿನ ಸಿಪ್ಪೆ, ಮೂರು ಹಾಲಿನ ಪಾಕೀಟು, ಮಗುವಿನ ಒಂದು ಡೈಪರ್, ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆಗಳು, ಗುಳಿಗೆಗಳ ಖಾಲಿ ಪಟ್ಟಿ ಮತ್ತು ಕುರುಕಲು ತಿಂಡಿಯ ಹೊಳೆಯುವ ಪಾಕೀಟುಗಳು. ಚಹಾಪುಡಿಯ ನೀರು ಇಳಿದು ನೋಟ್‌ಬುಕ್ಕಿನ ಹಾಳೆ ರದ್ದಿಗೂ ಬಾರದಂತಾಗಿತ್ತು. ಹಾಲಿನ ಪಾಕೀಟಿನೊಳಗೆ ಅನ್ನ ಹೊಕ್ಕು ಹುಳಿ ವಾಸನೆ ಬರುತ್ತಿತ್ತು. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಇವೆಲ್ಲ ಬೇರೆ ಬೇರೆ ಜಾಗದಲ್ಲಿದ್ದವು, ಪ್ರತಿಯೊಂದಕ್ಕೂ ಒಂದು ಉಪಯೋಗವಿತ್ತು. ಒಂದೇ ಬುಟ್ಟಿಗೆ ಬಿದ್ದ ಹನ್ನೆರಡು ಗಂಟೆಯಲ್ಲಿ ಎಲ್ಲವೂ ಕೆಟ್ಟಿದ್ದವು. ಅಡುಗೆಮನೆಯ ಕಸದ ತೂಕದಲ್ಲಿ ಶೇ 70ರಿಂದ 80ರಷ್ಟು ಬರೀ ನೀರು. ಆ ನೀರೇ ಉಳಿದೆಲ್ಲವನ್ನು ಹಾಳುಮಾಡುತ್ತದೆ.

ಈ ಚೀಲ ಊರ ಹೊರಗಿನ ರಾಶಿಗೆ ಸೇರಿದ ಮೇಲೆ ನಡೆಯುವುದೂ ಅದೇ ನೀರಿನ ಕಥೆ. ಗಾಳಿಯಾಡದ ಒಡಲಲ್ಲಿ ಹಸಿ ಕಸ ಕೊಳೆತು ಮಿಥೇನ್ ಅನಿಲವಾಗುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುವ ಈ ಅನಿಲವೇ ಬೇಸಿಗೆಯಲ್ಲಿ ಕಸದ ಗುಡ್ಡಗಳು ದಿನಗಟ್ಟಲೆ ಹೊಗೆಯಾಡಲು ಒಂದು ಮುಖ್ಯ ಕಾರಣ. ರಾಶಿಯಿಂದ ಸೋರುವ ಕಪ್ಪು ರಸ ಮಣ್ಣಿಗೂ ಬಾವಿಗೂ ಇಳಿಯುತ್ತದೆ. ನಿಮ್ಮ ಖಾಲಿ ಸೈಟಿನಲ್ಲಿ ನಡೆಯುತ್ತಿರುವುದು ಇದರ ಚಿಕ್ಕ ರೂಪ, ಅಷ್ಟೇ.

ಇನ್ನು ನಿಯಮಗಳ ಮಾತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲೇ ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಬೇಕೆಂದು ಹೇಳಿದ್ದವು. ಅವುಗಳ ಜಾಗಕ್ಕೆ ಬಂದಿರುವ 2026ರ ನಿಯಮಗಳು ನಾಲ್ಕು ವಿಧ ಹೇಳುತ್ತವೆ — ಹಸಿ, ಒಣ, ಡೈಪರ್ ಹಾಗೂ ಪ್ಯಾಡ್‌ಗಳಂತಹ ನೈರ್ಮಲ್ಯದ ಕಸ, ಮತ್ತು ವಿಶೇಷ ಎಚ್ಚರಿಕೆಯಿಂದ ನಿರ್ವಹಿಸಬೇಕಾದ ಬಲ್ಬು, ಔಷಧಿ, ಬಣ್ಣದ ಡಬ್ಬಿಗಳಂತಹವು. ಬಯಲಲ್ಲಿ ಕಸ ಸುಡುವುದಕ್ಕಂತೂ ಬಹಳ ಹಿಂದೆಯೇ ತಡೆ ಬಿದ್ದಿದೆ: ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಮೊಕದ್ದಮೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಬಂದು, 2016ರ ಡಿಸೆಂಬರ್‌ನಲ್ಲಿ ಅದು ಸಣ್ಣ ಪ್ರಮಾಣದಲ್ಲಿ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡ ಎಂದು ಆದೇಶಿಸಿತು. ದಂಡದ ಮಾತನ್ನು ಸಭೆಯಲ್ಲಿ ಮೊದಲಿಗೇ ಎತ್ತಬೇಡಿ ಎಂಬುದು ನನ್ನ ಸಲಹೆ. ಹೆದರಿಸಿದ ಕಾಲೊನಿಯಲ್ಲಿ ಜನ ರಾತ್ರಿ ಹನ್ನೊಂದರ ಮೇಲೆ ಸುಡುತ್ತಾರೆ. ಆದರೆ ಪ್ಲಾಸ್ಟಿಕ್ ಸುಟ್ಟರೆ, ಅದರಲ್ಲೂ ಪಿವಿಸಿ ಪೈಪು, ವೈರಿನ ತುಂಡು, ರೆಕ್ಸಿನ್ ಬಿದ್ದಿದ್ದರೆ, ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎಂಬುದನ್ನೂ, ಆ ಹೊಗೆ ಮೊದಲು ಹೊಗುವುದು ಸೈಟಿನ ಪಕ್ಕದ ಮನೆಯ ಕಿಟಕಿಗೇ ಎಂಬುದನ್ನೂ ಹೇಳಿ.

ಕೆಲಸ ಆರಂಭಿಸುವ ಮುನ್ನ ಒಂದು ವಾರ ಬರೀ ತೂಗಿ. ನಾಲ್ಕೈದು ಜನರಿರುವ ಮನೆಯಲ್ಲಿ ದಿನಕ್ಕೆ ಮುಕ್ಕಾಲರಿಂದ ಒಂದು ಕಿಲೋ ಹಸಿ ಕಸವೆಂದು ಹಿಡಿಯುವುದು ರೂಢಿ. ನಿಮ್ಮ ಕಾಲೊನಿಗೆ ಎಷ್ಟೆಂಬುದನ್ನು ನಿಮ್ಮ ತಕ್ಕಡಿಯೇ ಹೇಳಲಿ. 52 ಮನೆಗಳಿಗೆ ದಿನಕ್ಕೆ ಸುಮಾರು 50 ಕಿಲೋ ಎಂದುಕೊಂಡರೆ, ಇಷ್ಟಕ್ಕೆ ಯಂತ್ರ ಬೇಕಾಗಿಲ್ಲ. ಕರೆಂಟಿನಿಂದ ನಡೆಯುವ, ಒಂದೇ ದಿನದಲ್ಲಿ ಗೊಬ್ಬರ ಕೊಡುತ್ತೇವೆಂದು ಹೇಳಿ ಮಾರುವ ಪೆಟ್ಟಿಗೆಗಳ ಕಡೆ ನೋಡಲೇಬೇಡಿ. ಅವು ಕಸವನ್ನು ಕಾಯಿಸಿ ಒಣಗಿಸಿ ಪುಡಿಮಾಡುತ್ತವೆ, ಆ ಪುಡಿ ನೀರು ಕುಡಿದ ಮೇಲೆ ಕುಂಡದಲ್ಲಿ ಮತ್ತೆ ಕೊಳೆಯಲು ಶುರುಮಾಡುತ್ತದೆ. ಗೊಬ್ಬರ ಮಾಡುವವು ಸೂಕ್ಷ್ಮಾಣುಗಳು. ಅವಕ್ಕೆ ವಾರಗಳು ಬೇಕು.

ನಮ್ಮ ಕಡೆ ಇದಕ್ಕೆ ಬೇಕಾದ ಅತ್ಯುತ್ತಮ ಸಾಮಗ್ರಿ ಮನೆಬಾಗಿಲಲ್ಲೇ ಇದೆ: ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲು. ಪರಸಿಯನ್ನು ನಿಲ್ಲಿಸಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ನಾಲ್ಕು ತೊಟ್ಟಿಗಳನ್ನು ಸಾಲಾಗಿ ಕಟ್ಟಿಸಿ. ಕಲ್ಲು ಮತ್ತು ಕಲ್ಲಿನ ನಡುವೆ ಎರಡು ಬೆರಳು ಸಂದು ಬಿಟ್ಟು ಒಳಗಿನಿಂದ ತಂತಿಯ ಜಾಲರಿ ಹೊದಿಸಿದರೆ ಗಾಳಿ ಒಳಗೆ ಬರುತ್ತದೆ, ಇಲಿ ಬರುವುದಿಲ್ಲ. ಮುಂದಿನ ಕಲ್ಲು ಎತ್ತಿ ತೆಗೆಯುವಂತಿರಲಿ. ಇಲ್ಲವಾದರೆ ಗೊಬ್ಬರ ತೆಗೆಯುವವರ ಬೆನ್ನು ಮುರಿಯುತ್ತದೆ. ಒಂದು ತೊಟ್ಟಿ ತುಂಬಲು ಸುಮಾರು ಮೂರು ವಾರ, ಏಕೆಂದರೆ ಹಾಕಿದ್ದು ದಿನದಿನಕ್ಕೆ ಕುಗ್ಗುತ್ತಾ ಹೋಗುತ್ತದೆ. ನಾಲ್ಕನೆಯದು ತುಂಬುವ ಹೊತ್ತಿಗೆ ಮೊದಲನೆಯದಕ್ಕೆ ಒಂಬತ್ತು ವಾರದ ವಿಶ್ರಾಂತಿ ಸಿಕ್ಕಿರುತ್ತದೆ.

ತೊಟ್ಟಿಯ ಬುಡದ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮದು ಎರೆ ಮಣ್ಣು. ಮಳೆ ಬಿದ್ದರೆ ಉಬ್ಬುತ್ತದೆ, ನೀರನ್ನು ಇಂಗಿಸಿಕೊಳ್ಳದೆ ಮೇಲೆಯೇ ನಿಲ್ಲಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬೇರೆ ಜಿಲ್ಲೆಯ ಕೆಮ್ಮಣ್ಣಿನವರು ಬರೆದ ಕೈಪಿಡಿಗಳಲ್ಲಿ "ತೊಟ್ಟಿಯನ್ನು ನೇರವಾಗಿ ನೆಲದ ಮೇಲೆ ಕಟ್ಟಿ" ಎಂದಿರುತ್ತದೆ. ಆ ಮಾತು ಕೇಳಿ ಎರೆಯಲ್ಲಿ ನಿಲ್ಲಿಸಿದ ಪರಸಿಗಳು ಒಂದು ಮಳೆಗಾಲ ಕಳೆಯುವುದರೊಳಗೆ ಹಲ್ಲು ಅಲುಗಿದಂತೆ ಅತ್ತಿತ್ತ ವಾಲುತ್ತವೆ, ಒಳಗಿನ ರಾಶಿ ನೀರು ಕುಡಿದು ಕೊಳೆಯುತ್ತದೆ. ಒಂದೂವರೆ ಅಡಿ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿಸಿ, ಅದರ ಮೇಲೆ ನಾಲ್ಕು ಬೆರಳು ಇಟ್ಟಿಗೆ ಚೂರು ಹರಡಿ, ಒಂದು ಬದಿಗೆ ಇಳಿಜಾರು ಕೊಡಿ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಒಮ್ಮೆ ಮಾತ್ರ.

ಇನ್ನು ರಾಶಿಯ ಒಳಗಿನ ವಿಚಾರ. ಸೂಕ್ಷ್ಮಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲ ಸಿಗಬೇಕು. ತರಕಾರಿ ಸಿಪ್ಪೆ, ಅನ್ನ, ಸಾರಿನ ಗಸಿಗಳಲ್ಲಿ ಇಂಗಾಲ ಇದಕ್ಕಿಂತ ಬಹಳ ಕಡಿಮೆ; ಒಣ ಎಲೆ, ಜೋಳದ ಕಣಕಿಯಲ್ಲಿ ಬಹಳ ಹೆಚ್ಚು. ಬಕೆಟ್ ಅಳತೆಯಲ್ಲಿ ಒಂದು ಬಕೆಟ್ ಹಸಿಗೆ ಒಂದು ಬಕೆಟ್ ಒಣ ಪದಾರ್ಥ ಹಾಕಿದರೆ ಲೆಕ್ಕ ಹೆಚ್ಚುಕಡಿಮೆ ಕೂಡುತ್ತದೆ. ನಿಮ್ಮ ಕುಂಡಗಳು ಸೋತದ್ದಕ್ಕೆ ಅರ್ಧ ಕಾರಣ ಇಲ್ಲೇ ಇರಬೇಕು. ಮೊದಲ ಸಲ ಮಾಡುವವರು ಸಿಪ್ಪೆಯ ಮೇಲೆ ಸಿಪ್ಪೆ ಸುರಿಯುತ್ತಾರೆ, ಒಣ ಎಲೆಯನ್ನು ಕಸವೆಂದು ಗುಡಿಸಿ ಸುಡುತ್ತಾರೆ. ಬೇಸಿಗೆ ಕಾಲಿಡುವ ಮೊದಲು ಬೇವಿನ ಮರಗಳು ಎಲೆ ಉದುರಿಸುತ್ತವಲ್ಲ, ಆಗ ಸಂಘದಿಂದ ಆದಷ್ಟು ಹೆಚ್ಚು ಗೋಣಿ ಚೀಲ ತುಂಬಿಸಿಟ್ಟುಕೊಳ್ಳಿ. ಅದು ನಿಮ್ಮ ವರ್ಷದ ಬಂಡವಾಳ. ತೊಗರಿ ಹೊಟ್ಟು ಒಳ್ಳೆಯದೇ, ಆದರೆ ಅದು ದನದ ಬಾಯಿಗೆ ಹೋಗಬೇಕಾದ ಮೇವು, ದಾಲ್ ಮಿಲ್ಲಿನವರು ಪುಕ್ಕಟೆ ಕೊಡುವುದಿಲ್ಲ. ಕೊಟ್ಟರೂ ತೊಟ್ಟಿಗೆ ಸುರಿಯಲು ಮನಸ್ಸು ಒಪ್ಪುವುದಿಲ್ಲ. ಅದರ ಬದಲು ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆಯನ್ನು ಗೇಣುದ್ದ ಕಡಿದು ತೊಟ್ಟಿಯ ತಳಕ್ಕೆ ಒಂದು ಅಡಿ ಹಾಸಿ. ಅದು ಬೇಗ ಕರಗುವುದಿಲ್ಲ, ಅದೇ ಅದರ ಗುಣ. ಕೆಳಗಿನಿಂದ ಗಾಳಿ ಏರಲು ದಾರಿಯಾಗುತ್ತದೆ, ಮುಂದಿನ ತೊಟ್ಟಿಗೂ ಮತ್ತೆ ಬಳಸಬಹುದು.

ಬಿಸಿಲಿನ ಪ್ರಶ್ನೆಗೆ ಬರುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ, 44 ಡಿಗ್ರಿ ಎಂಬುದು ಸುದ್ದಿಯೇ ಅಲ್ಲ. ಆ ಬಿಸಿ ಗೊಬ್ಬರದ ರಾಶಿಯನ್ನು ಸಾಯಿಸುತ್ತದೆಂದು ಜನ ತಿಳಿಯುತ್ತಾರೆ. ಚೆನ್ನಾಗಿ ನಡೆಯುವ ರಾಶಿಯ ಒಡಲು ತಾನಾಗಿಯೇ 55ರಿಂದ 65 ಡಿಗ್ರಿಗೆ ಕಾಯುತ್ತದೆ, ಕಳೆಯ ಬೀಜವೂ ರೋಗಾಣುವೂ ಸಾಯುವುದು ಆ ಶಾಖದಲ್ಲೇ. ಆದ್ದರಿಂದ ಬಿಸಿಲಿನ ಶಾಖದಿಂದ ರಾಶಿಗೆ ತೊಂದರೆ ಕಡಿಮೆ. ತೊಂದರೆ ಕೊಡುವುದು ಒಣಹವೆ. ರಾಶಿಯಲ್ಲಿ ತೇವ ಶೇ 50ರಿಂದ 60ರಷ್ಟಿರಬೇಕು, ಮಣ್ಣಿನ ಸಣ್ಣ ಕುಂಡವಾದರೆ ನಮ್ಮ ಗಾಳಿ ಅದನ್ನು ಎರಡೇ ದಿನದಲ್ಲಿ ಹೀರಿಬಿಡುತ್ತದೆ, ಆಗ ಸಿಪ್ಪೆಗಳು ಸಂಡಿಗೆಯಂತೆ ಒಣಗಿ ಹಾಗೆಯೇ ಉಳಿಯುತ್ತವೆ. ನಿಮ್ಮ ಏಪ್ರಿಲ್‌ನ ಕುಂಡಕ್ಕೆ ಆದದ್ದು ಇದೇ. ದೊಡ್ಡ ತೊಟ್ಟಿ ಇಷ್ಟು ಬೇಗ ಒಣಗುವುದಿಲ್ಲ. ಬೇವಿನ ನೆರಳಿದ್ದರೆ, ಮೇಲೆ ಒದ್ದೆ ಗೋಣಿ ಹೊದಿಸಿದ್ದರೆ ಇನ್ನೂ ನಿಧಾನ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ: ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಸರಿ, ಧಾರೆ ಇಳಿದರೆ ಒಣ ಎಲೆ ಸೇರಿಸಿ, ಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ನೀರಿನ ಅಭಾವದ ಊರಿನಲ್ಲಿ ನಲ್ಲಿ ನೀರು ಸುರಿಯಿರಿ ಎಂದು ನಾನು ಹೇಳಲಾರೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸಾಕು. ಏರ್ ಕೂಲರ್‌ನ ತಳದ ನೀರು, ಶುದ್ಧೀಕರಣ ಯಂತ್ರ ಹೊರಬಿಡುವ ನೀರು ಮಾತ್ರ ಬೇಡ, ಅವುಗಳಲ್ಲಿ ಉಪ್ಪಿನಂಶ ಹೆಚ್ಚು. ದಿನಾ ಹಾಕಿದರೆ ಉಪ್ಪೆಲ್ಲ ಗೊಬ್ಬರದಲ್ಲೇ ಕೂಡಿಕೊಳ್ಳುತ್ತದೆ.

ಎರೆಹುಳುವಿನ ಗೊಬ್ಬರದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಸಾಮಾನ್ಯವಾಗಿ ಸಾಕುವ ಎರೆಹುಳು 35 ಡಿಗ್ರಿ ದಾಟಿದ ಹಾಸಿಗೆಯಲ್ಲಿ ಬದುಕುವುದಿಲ್ಲ. ತಾರಸಿಯ ಮೇಲಿನ ತೊಟ್ಟಿಯಲ್ಲಿ ಮೊದಲ ಬೇಸಿಗೆಯೇ ಕೊನೆಯದಾಗುತ್ತದೆ.

ಮಳೆಗಾಲದ ಹುಳುಗಳ ವಿಷಯ ಬೇರೆ. ಬೂದಿ ಮಿಶ್ರಿತ ಬಿಳಿ ಬಣ್ಣದ, ಚಪ್ಪಟೆಯಾದ, ಗಟ್ಟಿ ಚರ್ಮದ ಹುಳುಗಳಾಗಿದ್ದರೆ ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ಕಪ್ಪು ನೊಣದ ಮರಿಗಳು. ನೋಡಲು ಅಸಹ್ಯ, ಒಪ್ಪಿದೆ. ಆದರೆ ಅವು ಕಚ್ಚುವುದಿಲ್ಲ, ಅವುಗಳ ದೊಡ್ಡ ನೊಣ ಮನೆನೊಣದಂತೆ ಊಟದ ಮೇಲೆ ಕೂರುವುದಿಲ್ಲ, ಕಸವನ್ನು ನಿಮಗಿಂತ ವೇಗವಾಗಿ ಅವೇ ಕರಗಿಸುತ್ತವೆ. ಹುಳು ವಿಪರೀತವಾಗಿವೆಯೆಂದರೆ ರಾಶಿ ತೀರಾ ಒದ್ದೆಯಾಗಿದೆ, ಬೇಯಿಸಿದ ಅನ್ನ ಹೆಚ್ಚು ಬಿದ್ದಿದೆ ಎಂದು ತಿಳಿಯಿರಿ. ಎರಡು ಬಕೆಟ್ ಒಣ ಎಲೆ ಹಾಕಿ, ಗುದ್ದಲಿಯಿಂದ ಮೇಲೆ ಕೆಳಗೆ ಮಾಡಿ, ಮೇಲೆ ತಗಡು ಹೊದಿಸಿ. ಪ್ರತಿದಿನ ಹಸಿ ಕಸ ಹಾಕಿದ ಮೇಲೆ ಅದು ಕಣ್ಣಿಗೆ ಕಾಣದಷ್ಟು ಒಣ ಎಲೆ ಮುಚ್ಚುವ ರೂಢಿಯಿದ್ದರೆ ವಾಸನೆಯೂ ನೊಣವೂ ಬರುವುದಿಲ್ಲ. ಮೊದಲ ಸಲಕ್ಕೆ ಒಂದು ಬಕೆಟ್ ಸಗಣಿ ಬಗ್ಗಡ ಸಾಕು. ಬೇರೆ ಪುಡಿಗಳನ್ನು ಕೊಳ್ಳುವ ಅಗತ್ಯವಿಲ್ಲ. ಎರಡನೇ ತೊಟ್ಟಿಗೆ ಮೊದಲನೆಯದರ ಒಂದು ಬುಟ್ಟಿಯೇ ಹೆಪ್ಪಾಗುತ್ತದೆ.

ಬೇಯಿಸಿದ ಅನ್ನದ ಮಾತು ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಜೋಳದ ರೊಟ್ಟಿ ತಿನ್ನುವ ಮನೆಯ ಕಸದಲ್ಲಿ ರೊಟ್ಟಿ ಸಿಗುವುದು ಅಪರೂಪ. ಉಳಿದದ್ದು ಒಣಗಿ ಕಟಕ ರೊಟ್ಟಿಯಾಗುತ್ತದೆ, ಇಲ್ಲವೇ ಮರುದಿನ ಮುರಿದು ಒಗ್ಗರಣೆ ಬೀಳುತ್ತದೆ. ಕಸದಲ್ಲಿ ಕಾಣುವುದು ಅನ್ನ, ಅದೂ ಹಬ್ಬ ಹುಣ್ಣಿಮೆಯ ಮರುದಿನ ಕಿಲೋಗಟ್ಟಲೆ. ಗೊಬ್ಬರದ ತೊಟ್ಟಿ ಇದೆಯೆಂಬ ಧೈರ್ಯದಿಂದ ಅನ್ನ ಚೆಲ್ಲುವುದು ಹೆಚ್ಚಾಗದಂತೆ ನೋಡಿಕೊಳ್ಳಿ. ನಾನು ಕಂಡ ಒಂದು ಕಾಲೊನಿಯಲ್ಲಿ ಹಾಗೂ ಆಗಿತ್ತು.

ಒಣ ಕಸಕ್ಕೆ ಇಷ್ಟು ವಿವರ ಬೇಕಾಗಿಲ್ಲ, ಏಕೆಂದರೆ ಅದಕ್ಕೆ ಈಗಾಗಲೇ ಬೆಲೆ ಇದೆ, ವ್ಯಾಪಾರವಿದೆ. ರಟ್ಟು, ರದ್ದಿ, ಕಬ್ಬಿಣ, ನೀರಿನ ಬಾಟಲಿ, ಎಣ್ಣೆ ಡಬ್ಬಿಗಳನ್ನು ಭಂಗಾರದ, ಅಂದರೆ ಗುಜರಿ, ಅಂಗಡಿಯವರು ಕೊಳ್ಳುತ್ತಾರೆ. ಬೆಳಿಗ್ಗೆ ಚೀಲ ಹೊತ್ತು ಬರುವ ಹೆಣ್ಣುಮಕ್ಕಳು ಕಸದಲ್ಲಿ ಕೈಯಿಟ್ಟು ಹುಡುಕುವುದು ಇದನ್ನೇ. ಅವರಲ್ಲಿ ಒಬ್ಬಿಬ್ಬರೊಡನೆ ಮಾತಾಡಿ, ವಾರಕ್ಕೆರಡು ದಿನ, ಗೊತ್ತಾದ ಹೊತ್ತಿಗೆ, ಶುಚಿಯಾದ ಒಣ ಕಸವನ್ನು ಮನೆಬಾಗಿಲಲ್ಲೇ ಅವರ ಕೈಗೆ ಕೊಡುವ ಏರ್ಪಾಡು ಮಾಡಿಕೊಳ್ಳಿ. ಪುಣೆಯಲ್ಲಿ ಕಸ ಆಯುವವರದೇ ಸಹಕಾರಿ ಸಂಸ್ಥೆಯಾದ 'ಸ್ವಚ್ಛ್' ಮನೆಮನೆಯಿಂದ ಕಸ ಸಂಗ್ರಹಿಸುವ ಕೆಲಸವನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಅಷ್ಟು ದೊಡ್ಡದಾಗಿ ನೀವು ಯೋಚಿಸಬೇಕಿಲ್ಲ, 52 ಮನೆಗೆ ಇಬ್ಬರು ಸಾಕು. ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಅರ್ಧ ಕತ್ತರಿಸಿ ಅಂಟಿಕೊಂಡೇ ಇರಲಿ. ಆ ಚೂರು ಯಾರ ಕೈಗೂ ಸಿಗದೆ ಗಟಾರ ಸೇರುತ್ತದೆ. ಪಾಕೀಟನ್ನು ಜಾಲಾಡಿಸಿ, ಆ ನೀರನ್ನು ಗಿಡಕ್ಕೆ ಹಾಕಿ, ಅಡುಗೆಮನೆಯ ಗೋಡೆಗೆ ತೂಗುಹಾಕಿ ಒಣಗಿಸಿದರೆ ನೂರು ಪಾಕೀಟು ಕೂಡಿದರೂ ವಾಸನೆಯಿಲ್ಲ.

ಯಾರೂ ಕೊಳ್ಳದಿರುವುದು ಆ ಹೊಳೆಯುವ ಪಾಕೀಟುಗಳನ್ನು. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದ ಇವುಗಳನ್ನು ಬಿಡಿಸಲು ಬರುವುದಿಲ್ಲ. ಇಂತಹವನ್ನು ಒಣಗಿಸಿ, ಚೂರು ಮಾಡಿ, ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕೊಡುವ ದಾರಿಯೊಂದಿದೆ. ಸಿಮೆಂಟಿನ ಮೂಲ ಗಟ್ಟಿಯಾದ ಕ್ಲಿಂಕರ್ ಸುಮಾರು 1,450 ಡಿಗ್ರಿಯಲ್ಲಿ ಬೇಯುವ ಆ ಗೂಡಿನಲ್ಲಿ ಬಯಲ ಬೆಂಕಿಯಷ್ಟು ವಿಷ ಉಳಿಯುವುದಿಲ್ಲ. ಕಸದ ಉರುವಲು ತಯಾರಿಸುವ ಘಟಕದಿಂದ 100 ಕಿಲೋಮೀಟರ್ ಒಳಗಿರುವ ಕೈಗಾರಿಕೆಗಳು ತಮ್ಮ ಉರುವಲಿನಲ್ಲಿ ಶೇ 5ರಷ್ಟನ್ನಾದರೂ ಇದರಿಂದ ತುಂಬಿಕೊಳ್ಳಬೇಕೆಂದು 2016ರ ನಿಯಮಗಳೇ ಹೇಳಿದ್ದವು. ಸಿಮೆಂಟಿಗೆ ಹೆಸರಾದ ವಾಡಿ, ಶಹಾಬಾದ್, ಸೇಡಂಗಳ ನಡುವೆ ಬದುಕುವ ನಮಗೆ ಈ ದಾರಿ ಹತ್ತಿರದ್ದು. ಆದರೂ ಇದನ್ನು ಮರುಬಳಕೆ ಎಂದು ಕರೆಯುವುದು ತಿಪ್ಪೆ ಸಾರಿಸಿದ ಹಾಗೆ. ಇದು ಒಳ್ಳೆಯ ಒಲೆಯಲ್ಲಿ ಸುಡುವುದು, ಅಷ್ಟೇ. ಅದಕ್ಕೂ ಕಸ ಒಣಗಿರಲೇಬೇಕು ಎಂಬುದನ್ನು ಗಮನಿಸಿ.

ಡೈಪರ್, ಪ್ಯಾಡ್‌ಗಳನ್ನು ರದ್ದಿ ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಗಾಡಿಗೆ ಬೇರೆಯಾಗಿ ಕೊಡಿ. ಅವು ತೊಟ್ಟಿಯಲ್ಲಿ ಕರಗುವುದಿಲ್ಲ. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸವಿರುತ್ತದೆ, ಒಡೆಯದಂತೆ ಡಬ್ಬಿಯಲ್ಲಿಡಿ. ಇವುಗಳಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಮತ್ತೊಂದು. ನಮ್ಮ ನಗರದ ಎಷ್ಟೋ ಮನೆಗಳಿಗೆ ಊರಲ್ಲಿ ಹೊಲವಿದೆ. ತೊಗರಿಗೆ, ಹತ್ತಿಗೆ ಹೊಡೆದ ಎಣ್ಣೆಯ, ಅಂದರೆ ಕೀಟನಾಶಕದ, ಖಾಲಿ ಬಾಟಲಿಗಳು ಗಟ್ಟಿಯಾಗಿವೆಯೆಂದು ಮನೆಗೆ ಬಂದು ಫಿನಾಯಿಲ್, ಸೀಮೆಎಣ್ಣೆ, ಕೆಲವೊಮ್ಮೆ ಅಡುಗೆ ಎಣ್ಣೆಯನ್ನೂ ತುಂಬಿಸಿಕೊಳ್ಳುತ್ತವೆ. ಮರುಬಳಕೆ ಒಳ್ಳೆಯದೆಂಬ ಮಾತು ಈ ಬಾಟಲಿಗೆ ಸಲ್ಲುವುದಿಲ್ಲ. ಹೊಲದಲ್ಲೇ ಮೂರು ಸಲ ಜಾಲಾಡಿಸಿ, ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿದು, ಬಾಟಲಿಗೆ ತೂತು ಹೊಡೆಯಬೇಕು.

ಕಸ ಕಡಿಮೆ ಮಾಡುವ ವಿಷಯದಲ್ಲಿ ನಾನು ಮನೆಗಳಿಗಿಂತ ಸಮಾರಂಭಗಳತ್ತ ನೋಡುತ್ತೇನೆ. ಒಂದು ಸೀಮಂತ, ಒಂದು ಗೃಹಪ್ರವೇಶದಲ್ಲಿ ಕಾಲೊನಿಯ ಹದಿನೈದು ದಿನದ ಒಣ ಕಸ ಒಂದೇ ಮಧ್ಯಾಹ್ನ ಹುಟ್ಟುತ್ತದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಮತ್ತು ಥರ್ಮೊಕೋಲಿನ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧವಿದ್ದರೂ ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟಗಳು ಆ ಜಾಗಕ್ಕೆ ಬಂದು ಕೂತಿವೆ. ಸಂಘದ ಹಣದಲ್ಲಿ ಇನ್ನೂರು ಸ್ಟೀಲ್ ತಾಟು, ಲೋಟ, ಬಟ್ಟಲು ಕೊಂಡು ಯಾರ ಮನೆಯ ಕಾರ್ಯಕ್ಕಾದರೂ ಕೊಡುವ ಭಾಂಡೆ ಬ್ಯಾಂಕು ಮಾಡಿ. ತೊಳೆಯುವವರ ಕೂಲಿಯನ್ನು ಕಾರ್ಯದ ಮನೆಯವರು ಕೊಡಲಿ. ಮುತ್ತುಗದ ಎಲೆಯ ಪತ್ರಾವಳಿಯಾದರೆ ಊಟದ ನಂತರ ತೊಟ್ಟಿಗೇ ಹೋಗುತ್ತದೆ. ಬಟ್ಟೆಯ ಚೀಲವೆಂದು ಅಂಗಡಿಯವರು ಕೊಡುವ ಬಣ್ಣಬಣ್ಣದ ತೆಳು ಚೀಲಗಳಿಗೆ ಮೋಸಹೋಗಬೇಡಿ, ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಮೂಲೆಗೆ ಬೆಂಕಿ ತಾಗಿಸಿದರೆ ಬೂದಿಯಾಗದೆ ಕರಗಿ ಮುದ್ದೆಯಾಗುತ್ತವೆ.

ಹಳೆ ಬಟ್ಟೆಗೆ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಕೌದಿ ಇನ್ನೂ ಬದುಕಿದೆ. ಆದರೆ ಕೌದಿಗೆ ಹತ್ತಿ ಸೀರೆ ಬೇಕು, ಈಗ ಮನೆಯಲ್ಲಿ ಕೂಡುವುದು ಪಾಲಿಸ್ಟರ್. ಅದು ಬೆವರು ಹೀರುವುದಿಲ್ಲ, ಸೂಜಿಗೂ ಜಾರುತ್ತದೆ. ಅಂತಹ ಸೀರೆಗಳಿಂದ ಚೀಲ ಹೊಲಿಸಿ, ಹತ್ತಿಯದನ್ನು ಕೌದಿ ಹೊಲಿಯುವವರಿಗಾಗಿ ತೆಗೆದಿಡಿ.

ಖಾಲಿ ಸೈಟನ್ನು ಮೊದಲ ದಿನವೇ ಸ್ವಚ್ಛ ಮಾಡಿಸಲು ಹೋಗಬೇಡಿ. ಹಸಿ ಕಸ ಬೀಳುವುದು ನಿಂತು ಎರಡು ವಾರವಾದರೆ ಹಂದಿಗಳು ತಾವಾಗಿಯೇ ಬೇರೆ ಕಡೆ ಹೋಗುತ್ತವೆ. ಆಮೇಲೆ ಸ್ವಚ್ಛ ಮಾಡಿಸಿ, ಅದೇ ದಿನ, ಮಾಲೀಕರ ಒಪ್ಪಿಗೆ ಪಡೆದು, ಒಣ ಎಲೆಯ ಚೀಲಗಳನ್ನೋ ಕೂರುವ ಪರಸಿಯನ್ನೋ ಅಲ್ಲಿಡಿ. ಬರಿದಾಗಿ ಬಿಟ್ಟ ಜಾಗ ಮರುದಿನ ಬೆಳಿಗ್ಗೆಯೇ ಮತ್ತೆ ತುಂಬಿರುತ್ತದೆ. ತೊಟ್ಟಿ ನೋಡಿಕೊಳ್ಳಲು ದಿನಕ್ಕೊಂದು ಗಂಟೆ ದುಡಿಯುವವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ, ಕೈಗವಸು, ಬೂಟು ಕೊಡಿಸಿ. ಪೌರಕಾರ್ಮಿಕರ ತಲೆಗೆ ಪುಕ್ಕಟೆಯಾಗಿ ಕಟ್ಟಬೇಡಿ.

ಆರಂಭಕ್ಕೆ ಸರಿಯಾದ ಕಾಲ ದಸರೆಯ ಆಸುಪಾಸು: ಮಳೆ ಹಿಂದೆ ಸರಿದಿರುತ್ತದೆ, ಬಿಸಿಲು ಇನ್ನೂ ದೂರ. 52 ಮನೆಗಳನ್ನೂ ಒಪ್ಪಿಸಿದ ಮೇಲೆ ಶುರುಮಾಡುತ್ತೇನೆಂದರೆ ಶುರುವಾಗುವುದೇ ಇಲ್ಲ. ಮನಸ್ಸಿರುವ ಹದಿನೈದು ಮನೆಗಳಿಂದ, ಮೊದಲ ತೊಟ್ಟಿಯ ನಡುವೆ ಒಂದು ಪರಸಿ ನಿಲ್ಲಿಸಿ ಅರ್ಧ ತೊಟ್ಟಿಯಿಂದ ಆರಂಭಿಸಿ. ಸಂಕ್ರಾಂತಿ ಕಳೆದು ಕೆಲವು ದಿನಗಳಿಗೆ ಅದನ್ನು ತೆರೆಯಬಹುದು. ಕಾಲು ಇಂಚಿನ ಜಾಲರಿಯಲ್ಲಿ ಸೋಸಿ, ಕರಗದ ತೆಂಗಿನ ನಾರುಗಳನ್ನು ಮುಂದಿನ ರಾಶಿಗೆ ಹಾಕಿ, ಉಳಿದದ್ದನ್ನು ಹದಿನೈದು ಮನೆಗೂ ಎರಡೆರಡು ಕಿಲೋ ಹಂಚಿ. ಆ ದಿನ ಒಪ್ಪದ ಮನೆಗಳವರೂ ಗೇಟಿನ ಬಳಿ ಬಂದು ನಿಂತು, ಒಂದು ಚಿಟಿಕೆ ಮೂಸಿ ನೋಡಿ ಹೋಗುತ್ತಾರೆ. ಕೆಲವರು ಮರುವಾರ ಸೇರುತ್ತಾರೆ, ಕೆಲವರು ಸೇರುವುದಿಲ್ಲ. ಸೇರದವರ ಚೀಲ ಸದ್ಯ ಗಾಡಿಗೇ ಹೋಗಲಿ. ಅವರೊಡನೆ ಜಗಳ ಬೇಡ, ಅವರ ಬೆರಕೆ ಕಸವನ್ನು ಮಾತ್ರ ದಾಕ್ಷಿಣ್ಯಕ್ಕೆ ಬಿದ್ದು ತೊಟ್ಟಿಗೆ ಹಾಕಿಸಿಕೊಳ್ಳಬೇಡಿ.